ಟಾನಿಕ್ ಪ್ರತಿಬಂಧದ ಔಷಧ ಪೆಟ್ಟಿಗೆ: ಯಾವ ಬಾಟಲಿಯನ್ನು ಎಷ್ಟು ನಂಬಬಹುದು

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮೆದುಳಿನ ನರಕೋಶಗಳಲ್ಲಿ ಟಾನಿಕ್ ಪ್ರತಿಬಂಧವನ್ನು, ಅಂದರೆ ಗಾಬಾ ಎಂಬ ನರಸಂದೇಶವಾಹಕದ ಗ್ರಾಹಕಗಳು ಕೋಶದ ಮಿಡಿತಕ್ಕೆ ಎಡೆಬಿಡದೆ ಹಾಕುವ ಕಡಿವಾಣವನ್ನು, ಅಳೆಯಲು ಹೊರಟ ಪ್ರಯೋಗಾಲಯಕ್ಕೆ ಎರಡೇ ಬಾಟಲಿ ಕೊಳ್ಳುವ ಶಕ್ತಿ ಇದ್ದರೆ ಅವು ಈ ಪ್ರತಿಬಂಧವನ್ನು ತಡೆಯುವ ಗಾಬಜೀನ್ ಮತ್ತು ಪಿಕ್ರೋಟಾಕ್ಸಿನ್ ಆಗಿರಲಿ. ಮೂರನೆಯದಕ್ಕೆ ಹಣ ಉಳಿದರೆ ಅದನ್ನು ಏರಿಸುವ ಗಾಬಾಕ್ಸಡಾಲ್. ಉಳಿದವೆಲ್ಲ ಪ್ರಶ್ನೆ ಖಚಿತವಾದ ಮೇಲೆ ಕೊಳ್ಳಬೇಕಾದವು. ಮಾರಾಟಗಾರರ ಪಟ್ಟಿಯಲ್ಲಿ ಬಹುತೇಕ ಎಲ್ಲದರ ಮುಂದೆಯೂ 'ಆಯ್ದ ಗ್ರಾಹಕದ ಮೇಲೆ ಮಾತ್ರ' ಎಂಬ ಧಾಟಿಯ ಮಾತಿರುತ್ತದೆ. ಆ ಗುಣ ಬಾಟಲಿಯೊಳಗೆ ಇರುವುದಿಲ್ಲ, ನೀವು ಬಳಸುವ ಪ್ರಮಾಣದಲ್ಲಿರುತ್ತದೆ. ಹತ್ತು ಪಟ್ಟು ಹೆಚ್ಚಿಸಿದರೆ ಇವುಗಳಲ್ಲಿ ಬಹಳಷ್ಟು ಬೇರೆಯೇ ಔಷಧಗಳಾಗಿಬಿಡುತ್ತವೆ. ಈ ವಿಮರ್ಶೆಯುದ್ದಕ್ಕೂ ಪ್ರಮಾಣಗಳ ಬಗ್ಗೆ ಇಷ್ಟು ಹಟ ಹಿಡಿದಿರುವುದು ಅದಕ್ಕೇ.

ಗಾಬಾ-ಎ ಗ್ರಾಹಕ ಎಂದರೆ ಗಾಬಾ ಅಂಟಿದಾಗ ಕ್ಲೋರೈಡ್ ಹಾಯುವ ರಂಧ್ರ (ಚಾನೆಲ್) ತೆರೆಯುವ ಪೊರೆಯ ಪ್ರೋಟೀನು. ಅದರ ಕೆಲಸ ಎರಡು ಬಗೆಯದು. ಸಿನಾಪ್ಸಿನಲ್ಲಿ, ಅಂದರೆ ಎರಡು ನರಕೋಶಗಳ ಸಂಧಿಯಲ್ಲಿ, ಗಾಬಾ ಒಮ್ಮೆಲೇ ಮಿಲಿಮೋಲಾರ್ ಮಟ್ಟಕ್ಕೆ ಏರಿ, ಒಂದು ಮಿಲಿಸೆಕೆಂಡಿನೊಳಗೆ ಇಳಿಯುತ್ತದೆ. ಆಗ ಕಾಣುವುದು ಚುರುಕಾದ, ಬಿಡಿಬಿಡಿಯಾದ ಕರೆಂಟ್. ಸಿನಾಪ್ಸಿನ ಹೊರಗಿನ ಪೊರೆಯಲ್ಲಿ ಕೂತ ಗ್ರಾಹಕಗಳಿಗೆ ಸಿಗುವುದು ಜೀವಕೋಶಗಳ ನಡುವೆ ಸದಾ ಇರುವ ಅಲ್ಪಸ್ವಲ್ಪ ಗಾಬಾ, ಅಂದರೆ ಹತ್ತಾರು ನ್ಯಾನೋಮೋಲಾರ್‌ನಿಂದ ಕೆಲವು ಮೈಕ್ರೋಮೋಲಾರ್‌ವರೆಗೆ. ಮೊದಲನೆಯದು ಬಿರುಮಳೆಯಾದರೆ ಇದು ದಿನವಿಡೀ ಹಿಡಿದ ಸೋನೆ. ಒಂದೊಂದು ಹನಿಗೆ ಲೆಕ್ಕವಿಲ್ಲ, ಒಟ್ಟಿನಲ್ಲಿ ನೆಲ ನೆನೆಯುವುದು ಇದರಿಂದಲೇ. ನೆನಪಿಗೆ ಬೇಕಾದ ಮೆದುಳುಭಾಗವಾದ ಹಿಪ್ಪೊಕ್ಯಾಂಪಸ್ಸಿನ ಸಿಎ1 ಪಿರಮಿಡ್ ಕೋಶಗಳಲ್ಲಿ ಈ ಕೆಲಸದ ದೊಡ್ಡ ಪಾಲು ಆಲ್ಫಾ-5 ಮತ್ತು ಗಾಮಾ-2 ಎಂಬ ಉಪಘಟಕಗಳು (ಗ್ರಾಹಕವನ್ನು ಕಟ್ಟುವ ತುಂಡುಗಳು) ಇರುವ ಗ್ರಾಹಕದ್ದು. ಹಿಪ್ಪೊಕ್ಯಾಂಪಸ್ಸಿನದೇ ಡೆಂಟೇಟ್ ಭಾಗದ ಗ್ರಾನ್ಯೂಲ್ ಕೋಶಗಳಲ್ಲೂ ಥಾಲಮಸ್ಸಿನಲ್ಲೂ ಆಲ್ಫಾ-4 ಜತೆ ಡೆಲ್ಟಾ ಇರುತ್ತದೆ. ಕಿರುಮೆದುಳಿನ ಗ್ರಾನ್ಯೂಲ್ ಕೋಶಗಳಲ್ಲಿ ಆಲ್ಫಾ-6 ಜತೆ ಡೆಲ್ಟಾ. ಯಾವ ಔಷಧ ಎಲ್ಲಿ ಹಿಡಿಯುತ್ತದೆ ಎಂಬುದು ಈ ಹಂಚಿಕೆಯ ಮೇಲೆ ನಿಂತಿದೆ.

ಅಳತೆಯ ಏರ್ಪಾಡು ಸರಿಯಿಲ್ಲದಿದ್ದರೆ ಎಂಥ ಒಳ್ಳೆಯ ಔಷಧವೂ ಸುಳ್ಳು ಹೇಳುತ್ತದೆ. ಹಾಗಾಗಿ ಬಾಟಲಿಗಳಿಗೆ ಮುಂಚೆ ಅದನ್ನೇ ನೋಡೋಣ. 300ರಿಂದ 350 ಮೈಕ್ರಾನ್ ದಪ್ಪದ ಸ್ಲೈಸ್ (ಮೆದುಳಿನ ಜೀವಂತ ಹೋಳು), ಶೇ 95 ಆಮ್ಲಜನಕ ಮತ್ತು ಶೇ 5 ಇಂಗಾಲದ ಡೈಆಕ್ಸೈಡ್ ಹಾಯಿಸಿದ ಕೃತಕ ಮೆದುಳುದ್ರವ, ನಿಮಿಷಕ್ಕೆ 2ರಿಂದ 5 ಮಿಲಿಲೀಟರ್ ಹರಿವು. ಕೋಶಕ್ಕೆ ಅಂಟಿಸುವ ಗಾಜಿನ ಪಿಪೆಟ್ಟಿನೊಳಗೆ 140 ಮಿಲಿಮೋಲಾರ್ ಸೀಸಿಯಂ ಕ್ಲೋರೈಡ್ ಆಧಾರದ ದ್ರಾವಣ, ಪಿಎಚ್ 7.2. ಒಳಗೂ ಹೊರಗೂ ಕ್ಲೋರೈಡ್ ಹೆಚ್ಚುಕಡಿಮೆ ಸಮನಾಗಿರುವುದರಿಂದ, ಕೋಶವನ್ನು ಮೈನಸ್ 70 ಮಿಲಿವೋಲ್ಟಿನಲ್ಲಿ ಹಿಡಿದರೆ ಗಾಬಾ ಕರೆಂಟ್ ಒಳಮುಖವಾಗಿ, ದೊಡ್ಡದಾಗಿ ಕಾಣುತ್ತದೆ. ಸೀಸಿಯಂ ಪೊಟ್ಯಾಸಿಯಂ ಚಾನೆಲ್‌ಗಳನ್ನು ಮುಚ್ಚುವುದರಿಂದ ಗಾಬಾದ ಇನ್ನೊಂದು ಬಗೆಯ ಗ್ರಾಹಕವಾದ ಗಾಬಾ-ಬಿಯ ಕರೆಂಟ್ ಲೆಕ್ಕಕ್ಕೆ ಬರುವುದಿಲ್ಲ. ಗಾಬಾ-ಎ ಗ್ರಾಹಕವನ್ನು ಮುಚ್ಚಿದಾಗ ಹೋಲ್ಡಿಂಗ್ ಕರೆಂಟ್ (ಕೋಶವನ್ನು ಆ ವೋಲ್ಟೇಜಿನಲ್ಲಿ ಹಿಡಿದಿಡಲು ಬೇಕಾದ ಕರೆಂಟ್) ಹೊರಮುಖವಾಗಿ ಎಷ್ಟು ಸರಿಯುತ್ತದೋ ಅಷ್ಟೇ ಟಾನಿಕ್ ಕರೆಂಟ್. ದೊಡ್ಡ ಕೋಶಕ್ಕೂ ಸಣ್ಣ ಕೋಶಕ್ಕೂ ಹೋಲಿಕೆ ಬೇಕಾದರೆ ಬಂದ ಪಿಕೋಆಂಪ್‌ಗಳನ್ನು ಕೋಶದ ಗಾತ್ರ ತಿಳಿಸುವ ಪೊರೆಯ ಕೆಪಾಸಿಟೆನ್ಸ್‌ನಿಂದ ಭಾಗಿಸಬೇಕು.

ಗಾಬಾ ಕರೆಂಟ್ ಮಾತ್ರ ಉಳಿಯಲೆಂದು, ಕೋಶವನ್ನು ಉದ್ರೇಕಿಸುವ ಗ್ಲುಟಮೇಟನ್ನು ತಡೆಯಬೇಕು. ಆ ಔಷಧದ ಆಯ್ಕೆಯಲ್ಲೇ ಮೊದಲ ಎಡವು ಕಾದಿರುತ್ತದೆ. ಸಿಎನ್‌ಕ್ಯುಎಕ್ಸ್ ಮತ್ತು ಡಿಎನ್‌ಕ್ಯುಎಕ್ಸ್ ಅಗ್ಗವೆಂದು ಎಲ್ಲ ಕಡೆ ಸಿಗುತ್ತವೆ. ಆದರೆ ಗ್ಲುಟಮೇಟಿನ ಎಎಂಪಿಎ ಗ್ರಾಹಕಕ್ಕೆ ಅದರ ಸಹಾಯಕ ಪ್ರೋಟೀನು ಅಂಟಿಕೊಂಡಿರುವ ಕಡೆ ಇವು ತಡೆಯುವ ಬದಲು ಸ್ವಲ್ಪ ಚಾಲನೆಯನ್ನೇ ಕೊಡುತ್ತವೆ. ಅದರಿಂದ ಇಂಟರ್‌ನ್ಯೂರಾನ್‌ಗಳು ಹೆಚ್ಚು ಮಿಡಿದು ಗಾಬಾ ಹೆಚ್ಚು ಸುರಿಯುತ್ತದೆ, ನೀವು ಅಳೆಯಬೇಕಾದ ವಸ್ತುವೇ ಬದಲಾಗಿಬಿಡುತ್ತದೆ. ಎನ್‌ಬಿಕ್ಯುಎಕ್ಸ್ 10 ಮೈಕ್ರೋಮೋಲಾರ್ ಮತ್ತು ಡಿ-ಎಪಿ5 50 ಮೈಕ್ರೋಮೋಲಾರ್ ಬಳಸಿ, ಇಲ್ಲವೇ ಕೈನುರೆನಿಕ್ ಆಮ್ಲ 3 ಮಿಲಿಮೋಲಾರ್ ಹಾಕಿ. ಆ ತೊಡಕು ಇವುಗಳಲ್ಲಿ ಇಲ್ಲ.

ಉಷ್ಣತೆ 32ರಿಂದ 34 ಡಿಗ್ರಿ ಸೆಲ್ಸಿಯಸ್ ಇರಲಿ. ಗಾಬಾವನ್ನು ಕೋಶದೊಳಕ್ಕೆ ಹಿಂತೆಗೆದುಕೊಳ್ಳುವ ಸಾಗಣೆ ಪ್ರೋಟೀನುಗಳು ಕೋಣೆಯ ಉಷ್ಣತೆಯಲ್ಲಿ ಬಹಳ ನಿಧಾನವಾಗುತ್ತವೆ, ಹೊರಗಿನ ಗಾಬಾ ಸಹಜಕ್ಕಿಂತ ಬೇರೆಯ ಮಟ್ಟಕ್ಕೆ ಹೋಗುತ್ತದೆ. ಹರಿವು ಜೋರಾದರೆ ಉಲ್ಟಾ ತೊಂದರೆ: ಸ್ಲೈಸಿನ ಮೇಲ್ಪದರದ ಗಾಬಾ ತೊಳೆದುಹೋಗುತ್ತದೆ. ಇದಕ್ಕೆ ಪರಿಹಾರವೆಂದು ದ್ರಾವಣಕ್ಕೆ 5 ಮೈಕ್ರೋಮೋಲಾರ್ ಗಾಬಾ ಬೆರೆಸುವ ರೂಢಿ ಇದೆ. ಅದರಲ್ಲಿ ತಪ್ಪಿಲ್ಲ. ಆದರೆ ಆಗ ಅಳೆದದ್ದು ಗ್ರಾಹಕಗಳ ಸಾಮರ್ಥ್ಯವೇ ಹೊರತು ಆ ಅಂಗಾಂಶದ ಸಹಜ ಗಾಬಾ ಮಟ್ಟವಲ್ಲ. ಸಾಗಣೆ ಪ್ರೋಟೀನುಗಳು ದಾರಿಯಲ್ಲೇ ಹೀರಿಕೊಳ್ಳುವುದರಿಂದ ಆಳದಲ್ಲಿರುವ ಕೋಶಕ್ಕೆ ಆ 5 ಮೈಕ್ರೋಮೋಲಾರ್ ಪೂರ್ತಿ ತಲುಪುವುದೂ ಇಲ್ಲ. ಬೆರೆಸಿದವರು ವರದಿಯಲ್ಲಿ ಅದನ್ನು ಎದ್ದು ಕಾಣುವಂತೆ ಬರೆಯಬೇಕು.

ಲೆಕ್ಕ ಹಾಕುವ ಬಗೆ ಹೀಗೆ. ಔಷಧಕ್ಕೆ ಮುಂಚಿನ 30 ಸೆಕೆಂಡು, ಪರಿಣಾಮ ನೆಲೆಗೊಂಡ ಮೇಲಿನ 30 ಸೆಕೆಂಡು ಆಯ್ದು ಪ್ರತಿ ಬಿಂದುವಿನ ಹಿಸ್ಟೋಗ್ರಾಂ ಮಾಡಿ. ಸಿನಾಪ್ಸ್ ಕರೆಂಟ್‌ಗಳು ಋಣದ ಬದಿಗೆ ಬಾಲ ಎಳೆದಿರುತ್ತವೆ. ಆದ್ದರಿಂದ ಆ ಬದಿಯನ್ನು ಬಿಟ್ಟು, ಬಾಲವಿಲ್ಲದ ಅರ್ಧಕ್ಕೆ ಮಾತ್ರ ಗೌಸಿಯನ್ ವಕ್ರರೇಖೆ ಹೊಂದಿಸಿ ಅದರ ಶಿಖರವನ್ನು ಬೇಸ್‌ಲೈನ್ ಎಂದು ತೆಗೆದುಕೊಳ್ಳಬೇಕು. ಬರೀ ಸರಾಸರಿ ತೆಗೆದರೆ ಸಿನಾಪ್ಸ್ ಕರೆಂಟೂ ಟಾನಿಕ್ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಜತೆಗೆ ಬೇಸ್‌ಲೈನಿನ ನಾಯ್ಸ್, ಅಂದರೆ ಅದರ ಸಣ್ಣ ಅಲುಗಾಟ, ನೋಡಿ. ತೆರೆದಿದ್ದ ಚಾನೆಲ್‌ಗಳು ನಿಜವಾಗಿ ಮುಚ್ಚಿದ್ದರೆ ನಾಯ್ಸ್ ಕೂಡ ಇಳಿಯಬೇಕು. ಬೇಸ್‌ಲೈನ್ ಸರಿದು ನಾಯ್ಸ್ ಹಾಗೇ ಉಳಿದಿದ್ದರೆ ಅದು ಬಹುಶಃ ಔಷಧದ ಕೆಲಸವಲ್ಲ. ಪಿಪೆಟ್ಟಿನ ತುದಿ ಕಟ್ಟಿಕೊಂಡು ಸೀರೀಸ್ ರೆಸಿಸ್ಟೆನ್ಸ್ (ಪಿಪೆಟ್ಟಿಗೂ ಕೋಶಕ್ಕೂ ನಡುವಿನ ವಿದ್ಯುತ್ ತಡೆ) ಏರಿದಾಗಲೂ ಕರೆಂಟ್ ಹೊರಮುಖವಾಗಿಯೇ ಸರಿಯುತ್ತದೆ. 20 ಮೆಗಾಓಮ್ ದಾಟಿದ, ಅಥವಾ ಶೇ 20ಕ್ಕಿಂತ ಹೆಚ್ಚು ಬದಲಾದ ರೆಕಾರ್ಡಿಂಗನ್ನು ಕೈಬಿಡಿ, ಮರುಕ ಬೇಡ. ಔಷಧವಿಲ್ಲದ ದ್ರಾವಣವನ್ನು ಇನ್ನೊಂದು ನಳಿಕೆಯಿಂದ ಹಾಯಿಸಿ ಒಮ್ಮೆ ಹುಸಿ ಬದಲಾವಣೆ ಮಾಡಿ ನೋಡುವುದು ಕಡ್ಡಾಯ. ನಳಿಕೆ ಬದಲಾದಾಗಿನ ಒತ್ತಡ ಮತ್ತು ಉಷ್ಣತೆಯ ವ್ಯತ್ಯಾಸವೇ ಕೆಲವು ಪಿಕೋಆಂಪ್ ತರಬಲ್ಲದು. ಸಣ್ಣ ಟಾನಿಕ್ ಕರೆಂಟ್ ಇರುವ ಕೋಶಗಳಲ್ಲಿ ಅಷ್ಟೇ ಸಾಕು, ಇಲ್ಲದ ಪರಿಣಾಮ ಹುಟ್ಟಲು.

ಈಗ ಬಾಟಲಿಗಳಿಗೆ ಬರೋಣ. ಗಾಬಜೀನ್, ಇನ್ನೊಂದು ಹೆಸರು ಎಸ್‌ಆರ್-95531. ಹೈಡ್ರೋಬ್ರೋಮೈಡ್ ಲವಣ ನೀರಿನಲ್ಲೇ ಕರಗುತ್ತದೆ, ಡಿಎಂಎಸ್‌ಒ ಎಂಬ ದ್ರಾವಕ ಬೇಕಿಲ್ಲ. ಅಣುತೂಕ 368.2. ಹಾಗಾಗಿ 3.68 ಮಿಲಿಗ್ರಾಂ ಒಂದು ಮಿಲಿಲೀಟರ್ ನೀರಿನಲ್ಲಿ ಹಾಕಿದರೆ 10 ಮಿಲಿಮೋಲಾರ್ ಮೂಲದ್ರಾವಣ. ಅದರ 5 ಮೈಕ್ರೋಲೀಟರ್ 100 ಮಿಲಿಲೀಟರಿಗೆ ಬಿದ್ದರೆ 0.5 ಮೈಕ್ರೋಮೋಲಾರ್, 100 ಮೈಕ್ರೋಲೀಟರ್ ಬಿದ್ದರೆ 10 ಮೈಕ್ರೋಮೋಲಾರ್. ಈ ಎರಡು ಪ್ರಮಾಣಗಳ ನಡುವೆಯೇ ಇದರ ನಿಜವಾದ ಗುಣ ಅಡಗಿದೆ. 0.5ರಲ್ಲಿ ಡೆಂಟೇಟ್ ಗ್ರಾನ್ಯೂಲ್ ಕೋಶದ ಸಿನಾಪ್ಸ್ ಕರೆಂಟ್‌ಗಳು ಬಹುಪಾಲು ಅಡಗುತ್ತವೆ, ಟಾನಿಕ್ ಕರೆಂಟ್ ಹೆಚ್ಚಾಗಿ ಉಳಿಯುತ್ತದೆ. 10 ದಾಟಿದರೆ ಹೊರಗಿನ ಗಾಬಾದಿಂದ ತೆರೆದ ಚಾನೆಲ್‌ಗಳೂ ಮುಚ್ಚುತ್ತವೆ. ಕಡಿಮೆ ಪ್ರಮಾಣದಲ್ಲಿ ಸಿನಾಪ್ಸ್ ಮಾತ್ರ ಏಕೆ ಸೋಲುತ್ತದೆ ಎಂಬುದಕ್ಕೆ ಒಂದು ವಿವರಣೆ ಕಾಲದ್ದು. ಗಾಬಾ ಅಲೆ ಒಂದು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ಅಷ್ಟರಲ್ಲಿ ಗಾಬಜೀನ್ ಗ್ರಾಹಕದಿಂದ ಕಳಚಿಕೊಳ್ಳಲು ವ್ಯವಧಾನವೇ ಇರುವುದಿಲ್ಲ. ಆದರೆ ಈ 0.5ರ ಉಪಾಯವನ್ನು ಎಲ್ಲ ಬಗೆಯ ಕೋಶಗಳಿಗೂ ಹಾಗೇ ಒಯ್ಯುವಂತಿಲ್ಲ. ಪ್ರತಿ ಮೆದುಳುಭಾಗಕ್ಕೂ 0.1ರಿಂದ 20 ಮೈಕ್ರೋಮೋಲಾರ್‌ವರೆಗೆ ಹೊಸದಾಗಿ ಒಂದು ಡೋಸ್ ವಕ್ರರೇಖೆ ಮಾಡಿಕೊಳ್ಳಬೇಕು.

ಗಾಬಜೀನಿಗೆ ಇನ್ನೊಂದು ಮಿತಿ ಇದೆ, ಅದೇ ಅದನ್ನು ಬೆಲೆಬಾಳುವಂತೆ ಮಾಡಿದೆ. ಹೊರಗಿನ ಕೆಲವು ಗ್ರಾಹಕಗಳು ಗಾಬಾ ಇಲ್ಲದೆಯೂ ತಾವಾಗಿ ತೆರೆದುಕೊಳ್ಳುತ್ತವೆ. ಗಾಬಜೀನ್ ಗಾಬಾದ ಜಾಗವನ್ನು ಆಕ್ರಮಿಸುತ್ತದೆ ಅಷ್ಟೆ. ತಾವಾಗಿ ತೆರೆದ ಚಾನೆಲ್‌ಗಳನ್ನು ಮುಚ್ಚುವುದು ಅದರ ಕೈಲಾಗುವುದಿಲ್ಲ. ಪಿಕ್ರೋಟಾಕ್ಸಿನ್ ರಂಧ್ರವನ್ನೇ ಮುಚ್ಚುವುದರಿಂದ ಎರಡೂ ಬಗೆಯವನ್ನು ಅಡಗಿಸುತ್ತದೆ. ಆದ್ದರಿಂದ ಗಾಬಜೀನ್ ತುಂಬು ಪ್ರಮಾಣದಲ್ಲಿ ಹಾಕಿ, ಬೇಸ್‌ಲೈನ್ ನೆಲೆಯಾದ ಮೇಲೆ ಪಿಕ್ರೋಟಾಕ್ಸಿನ್ ಸೇರಿಸಿದಾಗ ಮತ್ತೂ ಸರಿದರೆ, ಆ ಹೆಚ್ಚುವರಿ ಸರಿತವು ಗಾಬಾ ಇಲ್ಲದೆ ನಡೆಯುವ ಟಾನಿಕ್ ಕರೆಂಟ್‌ನ ಅಳತೆ. ಎರಡು ಬಾಟಲಿಗಳ ನಡುವಿನ ವ್ಯತ್ಯಾಸದಿಂದ ಇಷ್ಟು ಸ್ವಚ್ಛವಾದ ಉತ್ತರ ಸಿಗುವ ಸಂದರ್ಭ ಈ ಕ್ಷೇತ್ರದಲ್ಲಿ ಅಪರೂಪ. ಗಾಬಜೀನ್ ಮಾತ್ರ ಬಳಸಿ 'ಇಲ್ಲಿ ಟಾನಿಕ್ ಕರೆಂಟೇ ಇಲ್ಲ' ಎಂದು ತೀರ್ಮಾನಿಸುವುದನ್ನು ನಾವು ಒಪ್ಪುವುದಿಲ್ಲ.

ಪಿಕ್ರೋಟಾಕ್ಸಿನ್ ಬರುವುದು ಕಾಕಮಾರಿ ಬಳ್ಳಿಯ ಬೀಜದಿಂದ. ಮೀನು ಹಿಡಿಯಲು ವಿಷವಾಗಿ ಬಳಸುತ್ತಿದ್ದ ಬೀಜವೇ ಅದು. ಬಾಟಲಿಯಲ್ಲಿರುವುದು ಒಂದೇ ವಸ್ತುವಲ್ಲ, ಪಿಕ್ರೋಟಾಕ್ಸಿನಿನ್ ಮತ್ತು ಪಿಕ್ರೋಟಿನ್ ಸಮಸಮ ಬೆರೆತದ್ದು. ಗಾಬಾ-ಎ ಮೇಲೆ ಬಲವಾಗಿ ಕೆಲಸ ಮಾಡುವುದು ಮೊದಲನೆಯದು. ಮಿಶ್ರಣದ ಅಣುತೂಕ 602.6. ಒಂದು ಮಿಲಿಲೀಟರ್ ಡಿಎಂಎಸ್‌ಒದಲ್ಲಿ 60.3 ಮಿಲಿಗ್ರಾಂ ಕರಗಿಸಿದರೆ 100 ಮಿಲಿಮೋಲಾರ್. ಅದನ್ನು ಸಾವಿರಕ್ಕೆ ಒಂದರಂತೆ ಸೇರಿಸಿದಾಗ 100 ಮೈಕ್ರೋಮೋಲಾರ್ ಆಗುತ್ತದೆ, ಡಿಎಂಎಸ್‌ಒ ಶೇ 0.1 ಮೀರುವುದಿಲ್ಲ. ಮೂಲದ್ರಾವಣವನ್ನು ತಣ್ಣನೆಯ ದ್ರವಕ್ಕೆ ಒಮ್ಮೆಲೇ ಸುರಿದರೆ ಕರಗದೆ ಕಣಗಟ್ಟುವ ಸಂಭವವಿದೆ. ಕಲಕುತ್ತ ಹನಿಹನಿಯಾಗಿ ಬಿಡಿ, ತಳದಲ್ಲಿ ಬಿಳಿ ಕಣಗಳಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ. ಇದು ಸೆಳೆತ ತರುವ ವಿಷ, ಪುಡಿಯನ್ನು ತೂಗುವಾಗ ಕೈಗವಸು ಮತ್ತು ಮುಖಗವಸು ಬೇಕೇ ಬೇಕು. ಗ್ಲೈಸಿನ್ ಗ್ರಾಹಕಗಳನ್ನೂ, ಅದರಲ್ಲೂ ಆಲ್ಫಾ ಮಾತ್ರ ಇರುವವನ್ನು, ಮುಚ್ಚುವುದರಿಂದ ಮಿದುಳುಕಾಂಡ ಮತ್ತು ಬೆನ್ನುಹುರಿಯ ಸ್ಲೈಸುಗಳಲ್ಲಿ ಮೊದಲೇ 1 ಮೈಕ್ರೋಮೋಲಾರ್ ಸ್ಟ್ರಿಕ್ನಿನ್ ಹಾಕಿಟ್ಟಿರಬೇಕು. ಹಿಡಿತ ನಿಧಾನ, ಬಿಡುವುದು ಅದಕ್ಕಿಂತ ನಿಧಾನ. ತೊಳೆದು ಮರಳಿ ಅಳೆಯುವ ಆಸೆ ಬಿಡಿ. ಒಂದು ಸ್ಲೈಸಿಗೆ ಇದನ್ನು ಕೊನೆಯಲ್ಲಿ, ಒಂದೇ ಸಲ.

ಗಾಬಾ-ಎ ಗ್ರಾಹಕವನ್ನೇ ಮುಚ್ಚುವ ಬೈಕುಕ್ಯುಲಿನ್ ಹಳೆಯ ಪ್ರಬಂಧಗಳಲ್ಲೆಲ್ಲ ಇದೆ, ತಾವಾಗಿ ತೆರೆದ ಚಾನೆಲ್‌ಗಳನ್ನೂ ಮುಚ್ಚುತ್ತದೆ. ಆದರೂ ಹೊಸದಾಗಿ ಕೊಳ್ಳುವವರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ. ಲವಣವಲ್ಲದ ರೂಪ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ದೇಹದ ಪಿಎಚ್‌ನಲ್ಲಿ ಅದರ ಲ್ಯಾಕ್ಟೋನ್ ಉಂಗುರ ಒಡೆದು ಬಲ ಕುಂದುತ್ತದೆ. ಬೆಳಿಗ್ಗೆ ಬೆರೆಸಿದ್ದು ಸಂಜೆಗೆ ಅದೇ ಪ್ರಮಾಣದಲ್ಲಿ ಉಳಿದಿರುವುದಿಲ್ಲ. ಮೆಥಯೋಡೈಡ್, ಮೆಥೋಕ್ಲೋರೈಡ್ ರೂಪಗಳು ಕರಗುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ಆದರೆ ಅವು ಕ್ಯಾಲ್ಸಿಯಂನಿಂದ ತೆರೆಯುವ ಎಸ್‌ಕೆ ಪೊಟ್ಯಾಸಿಯಂ ಚಾನೆಲ್‌ಗಳನ್ನೂ ಮುಚ್ಚುತ್ತವೆ. ಸೀಸಿಯಂ ತುಂಬಿದ ಕೋಶದಲ್ಲಿ ಈ ದೋಷ ಕಾಣಿಸಿಕೊಳ್ಳದೆ ಹೋಗಬಹುದು. ಕರೆಂಟ್ ಕ್ಲ್ಯಾಂಪಿನಲ್ಲಿ, ಅಂದರೆ ವೋಲ್ಟೇಜನ್ನು ಹಿಡಿದಿಡದೆ, ಕೋಶದ ಮಿಡಿತ ಎಣಿಸುವವರಿಗೆ ಮಾತ್ರ ಇದು ದೊಡ್ಡ ಬಲೆ: ಮಿಡಿತ ಹೆಚ್ಚಾದದ್ದು ಪ್ರತಿಬಂಧ ಹೋದದ್ದರಿಂದಲೋ ಎಸ್‌ಕೆ ಮುಚ್ಚಿದ್ದರಿಂದಲೋ ಹೇಳಲಾಗುವುದಿಲ್ಲ.

ಗಾಬಾಕ್ಸಡಾಲ್, ಪ್ರಯೋಗಾಲಯಗಳ ಬಾಯಲ್ಲಿ ಟಿಎಚ್‌ಐಪಿ, ಡೆನ್ಮಾರ್ಕಿನ ಪೊವ್ಲ್ ಕ್ರೋಗ್ಸ್‌ಗಾರ್ಡ್-ಲಾರ್ಸೆನ್ 1977ರಲ್ಲಿ ಪರಿಚಯಿಸಿದ ಅಣು. ಟಾನಿಕ್ ಪ್ರತಿಬಂಧವನ್ನು ಏರಿಸುವ ಔಷಧಗಳಲ್ಲಿ ನಮ್ಮ ಮೊದಲ ಆಯ್ಕೆ ಇದು. ಹೈಡ್ರೋಕ್ಲೋರೈಡ್ ಲವಣದ 1.77 ಮಿಲಿಗ್ರಾಂ ಒಂದು ಮಿಲಿಲೀಟರ್ ನೀರಿಗೆ 10 ಮಿಲಿಮೋಲಾರ್ ಕೊಡುತ್ತದೆ. ನೀರಲ್ಲಿ ಕರಗುವುದರಿಂದ ಡಿಎಂಎಸ್‌ಒ ನಿಯಂತ್ರಣದ ಗೊಡವೆಯೇ ಇಲ್ಲ, ತೊಳೆದರೆ ಹೋಗುತ್ತದೆ. ಡೆಲ್ಟಾ ಇರುವ ಗ್ರಾಹಕದಲ್ಲಿ ಗಾಬಾ ಎಷ್ಟೇ ಸುರಿದರೂ ಸಿಗದಷ್ಟು ದೊಡ್ಡ ಕರೆಂಟನ್ನು ಇದು ಹೊಮ್ಮಿಸುತ್ತದೆ. ಏಕೆಂದರೆ ಆ ಗ್ರಾಹಕದ ಮೇಲೆ ಗಾಬಾ ಸ್ವತಃ ಪೂರ್ಣ ಚಾಲಕವಲ್ಲ. ಬಿಗಿಯಾಗಿ ಅಂಟಿಕೊಂಡರೂ ಚಾನೆಲನ್ನು ತೆರೆದಿಡುವುದರಲ್ಲಿ ಹಿಂದೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ನ್ಯೂರೋಸ್ಟಿರಾಯ್ಡ್‌ಗಳಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

0.5ರಿಂದ 1 ಮೈಕ್ರೋಮೋಲಾರ್ ನಡುವೆ ಇದರ ಪರಿಣಾಮವನ್ನು ಡೆಲ್ಟಾ ಗ್ರಾಹಕದ್ದೆಂದು ಹೇಳುವುದು ನ್ಯಾಯ. 10ಕ್ಕೆ ಏರಿಸಿದಾಗ ಗಾಮಾ-2 ಇರುವ ಗ್ರಾಹಕಗಳೂ ಸೇರಿಕೊಳ್ಳುತ್ತವೆ. ಆಗ ಅದನ್ನು ಡೆಲ್ಟಾ ಔಷಧವೆಂದು ಕರೆಯುವುದು ಅನುಮಾನಕ್ಕೆ ದಾರಿ. ಡೆಲ್ಟಾ ಉಪಘಟಕವಿಲ್ಲದ ಇಲಿಗಳು ಸಿಗುವ ಕಡೆ ಅವುಗಳಲ್ಲೂ ಅದೇ ಪ್ರಮಾಣ ಹಾಕಿ ನೋಡಬೇಕು, ಅಲ್ಲೂ ಬೇಸ್‌ಲೈನ್ ಸರಿದರೆ ಪ್ರಮಾಣ ಹೆಚ್ಚಾಗಿದೆ ಎಂದರ್ಥ. ರೆಟಿನಾದಲ್ಲಿ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ: ರೋ ಉಪಘಟಕದ ಗ್ರಾಹಕದಲ್ಲಿ ಇದು ಚಾಲಕವಲ್ಲ, ತಡೆಯುವ ವಸ್ತು. ಔಷಧವಾಗಿ ಇದರ ಹಾದಿ ದುಃಖದ್ದೇ. ನಿದ್ರಾಹೀನತೆಗೆಂದು ಲುಂಡ್‌ಬೆಕ್ ಮತ್ತು ಮರ್ಕ್ ನಡೆಸುತ್ತಿದ್ದ ಯೋಜನೆ 2007ರಲ್ಲಿ ನಿಂತಿತು. ಏಂಜೆಲ್‌ಮನ್ ಸಿಂಡ್ರೋಮ್ ಎಂಬ, ಹುಟ್ಟಿನಿಂದ ಬರುವ ನರಬೆಳವಣಿಗೆಯ ಕಾಯಿಲೆಗೆಂದು ನಡೆದ ಮೂರನೇ ಹಂತದ ಪರೀಕ್ಷೆ 2020ರಲ್ಲಿ ಗುರಿ ಮುಟ್ಟಲಿಲ್ಲ. ಆ ಕಾಯಿಲೆಯ ಇಲಿಗಳ ಕಿರುಮೆದುಳಿನಲ್ಲಿ ಟಾನಿಕ್ ಕರೆಂಟ್ ಕುಗ್ಗಿರುತ್ತದೆ, ಅದನ್ನು ಏರಿಸಿದರೆ ನಡಿಗೆ ಸುಧಾರಿಸುತ್ತದೆ ಎಂಬ ತರ್ಕ ಗಟ್ಟಿಯಾಗಿಯೇ ಇತ್ತು. ಇಲಿಯ ಸ್ಲೈಸಿನಿಂದ ಮಗುವಿನವರೆಗಿನ ದಾರಿ ಎಷ್ಟು ದೂರದ್ದೆಂದು ಮತ್ತೆ ಗೊತ್ತಾಯಿತು. ಸ್ಲೈಸಿನಲ್ಲಿ ಉಪಕರಣವಾಗಿ ಅದರ ಬೆಲೆ ಇದರಿಂದ ಕುಗ್ಗಿಲ್ಲ.

ಡಿಎಸ್2 ಎಂಬ ಡೆಲ್ಟಾ ವರ್ಧಕವೂ ಮಾರಾಟಕ್ಕಿದೆ. ಆಯ್ಕೆಯ ನಿಖರತೆಯಲ್ಲಿ ಚೆನ್ನಾಗಿದೆ, ಕರಗುವುದರಲ್ಲಿ ಮೊಂಡು, ರಕ್ತದಿಂದ ಮೆದುಳಿಗೆ ದಾಟುವುದು ತೀರಾ ಕಡಿಮೆ. ಸ್ಲೈಸಿನ ಕೆಲಸಕ್ಕೆ ಸರಿ. ಪ್ರಾಣಿಗೆ ಚುಚ್ಚಿ ನಡವಳಿಕೆ ನೋಡುವವರು ಹಣ ಉಳಿಸಿಕೊಳ್ಳಲಿ.

ನ್ಯೂರೋಸ್ಟಿರಾಯ್ಡ್‌ಗಳು, ಅಂದರೆ ಮೆದುಳಿನ ಕೋಶಗಳ ಮೇಲೆ ಕೆಲಸ ಮಾಡುವ ಅಲೋಪ್ರೆಗ್ನನೊಲೋನ್ ಮತ್ತು ಟಿಎಚ್‌ಡಿಒಸಿಯಂಥ ಸ್ಟಿರಾಯ್ಡ್‌ಗಳು, ಈ ಪೆಟ್ಟಿಗೆಯ ಅತ್ಯಂತ ಆಸಕ್ತಿಯ, ಅತ್ಯಂತ ಕಾಟ ಕೊಡುವ ಬಾಟಲಿಗಳು. 10ರಿಂದ 100 ನ್ಯಾನೋಮೋಲಾರ್‌ನಲ್ಲಿ ಡೆಂಟೇಟ್ ಮತ್ತು ಕಿರುಮೆದುಳಿನ ಗ್ರಾನ್ಯೂಲ್ ಕೋಶಗಳ ಟಾನಿಕ್ ಕರೆಂಟ್ ಏರುತ್ತದೆ, ಸಿನಾಪ್ಸ್ ಕರೆಂಟ್‌ಗೆ ಅಷ್ಟಾಗಿ ತಾಕುವುದಿಲ್ಲ. ಇವು ಡೆಲ್ಟಾಕ್ಕೇ ಅಂಟುತ್ತವೆಂದು ತಿಳಿಯುವುದು ತಪ್ಪು. ಅಂಟುವ ತಾಣ ಪೊರೆಯೊಳಗಿನ ಆಲ್ಫಾ ಮತ್ತು ಬೀಟಾ ಭಾಗಗಳಲ್ಲಿದೆ, ಗಾಮಾ-2 ಇರುವ ಗ್ರಾಹಕಗಳಲ್ಲೂ ಅದು ಇದೆ. ಡೆಲ್ಟಾ ಗ್ರಾಹಕದಲ್ಲಿ ಪರಿಣಾಮ ದೊಡ್ಡದಾಗಿ ಕಾಣುವುದಕ್ಕೆ ಕಾರಣ ಮೇಲೆ ಹೇಳಿದ್ದೇ: ಗಾಬಾ ಅಲ್ಲಿ ಅರೆಬರೆ ಕೆಲಸ ಮಾಡಿ ಬಿಟ್ಟ ಜಾಗ ಬಹಳವಿದೆ, ಸ್ಟಿರಾಯ್ಡ್ ಅದನ್ನು ತುಂಬುತ್ತದೆ. 1 ಮೈಕ್ರೋಮೋಲಾರ್ ದಾಟಿದ ಮೇಲೆ ಗಾಬಾ ಇಲ್ಲದೆಯೂ ಚಾನೆಲ್ ತೆರೆಯಲು ಶುರುಮಾಡುತ್ತವೆ, ಅಲ್ಲಿಗೆ ಆಯ್ಕೆಯ ಮಾತು ಮುಗಿಯಿತು.

ಕಾಟ ಎಲ್ಲಿಂದ ಬರುತ್ತದೆಂದರೆ, ಇವು ಕೊಬ್ಬಿನಲ್ಲಿ ಕರಗುವ ವಸ್ತುಗಳು, ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುತ್ತವೆ. ಮಾಮೂಲಿ ಮೆದುವಾದ ನಳಿಕೆಯಲ್ಲಿ 50 ನ್ಯಾನೋಮೋಲಾರ್ ಹೊರಟರೆ ಸ್ಲೈಸಿಗೆ ಅದಕ್ಕಿಂತ ಎಷ್ಟೋ ಕಡಿಮೆ ತಲುಪುತ್ತದೆ. ಮರುದಿನ ಅದೇ ನಳಿಕೆಯಲ್ಲಿ ಬರೀ ದ್ರಾವಣ ಹಾಯಿಸಿದರೂ ಅಂಟಿದ್ದು ಬಿಟ್ಟುಕೊಂಡು ನಿಯಂತ್ರಣದ ಪ್ರಯೋಗವನ್ನೇ ಕೆಡಿಸುತ್ತದೆ. ಟೆಫ್ಲಾನ್ ನಳಿಕೆ, ಗಾಜಿನ ಪಾತ್ರೆ, ಸ್ಟಿರಾಯ್ಡಿಗೇ ಮೀಸಲಾದ ಒಂದು ಸಾಲು, ಇವು ಬೇಕೇ ಬೇಕು. ಅಲೋಪ್ರೆಗ್ನನೊಲೋನ್ 3.19 ಮಿಲಿಗ್ರಾಂ ಒಂದು ಮಿಲಿಲೀಟರ್ ಡಿಎಂಎಸ್‌ಒಗೆ 10 ಮಿಲಿಮೋಲಾರ್. ಅದನ್ನು ಡಿಎಂಎಸ್‌ಒದಲ್ಲೇ ನೂರು ಪಟ್ಟು ತೆಳುಮಾಡಿ, ಆಮೇಲೆ 100 ಮಿಲಿಲೀಟರಿಗೆ 100 ಮೈಕ್ರೋಲೀಟರ್ ಸೇರಿಸಿದರೆ 100 ನ್ಯಾನೋಮೋಲಾರ್. ನೀರಿನಲ್ಲಿ ಮಧ್ಯದ ತೆಳುದ್ರಾವಣ ಮಾಡಬೇಡಿ, ಅಲ್ಲಿ ಅದು ಕರಗಿ ನಿಲ್ಲುವುದಿಲ್ಲ. ಪರಿಣಾಮ ನೆಲೆಗೊಳ್ಳಲು ಹತ್ತು ನಿಮಿಷವಾದರೂ ಕಾಯಬೇಕು, ತೊಳೆದು ತೆಗೆಯುವುದನ್ನು ನಂಬಬಾರದು. ಸ್ಲೈಸು ತಾನೇ ಉತ್ಪಾದಿಸಿದ ಸ್ಟಿರಾಯ್ಡ್ ಕೂಡ ಅಳತೆಯಲ್ಲಿ ಸೇರಿರುತ್ತದೆ. ಗಾಮಾ-ಸೈಕ್ಲೋಡೆಕ್ಸ್‌ಟ್ರಿನ್ ಅದನ್ನು ಹೀರಿ ತೆಗೆಯಬಲ್ಲದು. ಹೆಣ್ಣಿಲಿಗಳಲ್ಲಿ ಋತುಚಕ್ರದ ಹಂತಕ್ಕೆ ತಕ್ಕಂತೆ ಡೆಲ್ಟಾ ಉಪಘಟಕದ ಪ್ರಮಾಣವೇ ಏರಿಳಿಯುತ್ತದೆ, ಬಸಿರಿನಲ್ಲಿ ಇಳಿಯುತ್ತದೆ. ಹಂತವನ್ನು ಬರೆದಿಡದೆ ತೆಗೆದ ಸರಾಸರಿಗೆ ಬೆಲೆ ಕಡಿಮೆ.

ಆಲ್ಫಾ-5 ಕಡೆಗೆ ಎಲ್-655,708 ಇದೆ. ಬೆಂಜೋಡಯಾಜೆಪೀನ್ ತಾಣದಲ್ಲಿ (ಡಯಾಜೆಪಾಮ್ ಬಗೆಯ ಔಷಧಗಳು ಅಂಟುವ ಜಾಗದಲ್ಲಿ) ಕೂತು ಗ್ರಾಹಕದ ಕೆಲಸವನ್ನು ತಗ್ಗಿಸುತ್ತದೆ. 50 ನ್ಯಾನೋಮೋಲಾರ್ ಆಸುಪಾಸಿನಲ್ಲಿ ನಂಬಬಹುದು. ಮೈಕ್ರೋಮೋಲಾರ್‌ಗೆ ಹೋದರೆ ಆಲ್ಫಾ-1, 2, 3 ಕೂಡ ತಗ್ಗುತ್ತವೆ. ಇದು ತಗ್ಗಿಸುತ್ತದೆಯೇ ಹೊರತು ಆರಿಸುವುದಿಲ್ಲ. 'ಶೇ 40 ಇಳಿಯಿತು, ಹಾಗಾದರೆ ಆಲ್ಫಾ-5 ಪಾಲು ಶೇ 40' ಎಂದು ಲೆಕ್ಕ ಹಾಕುವುದು ತಪ್ಪು. ಇಲಿಗಳಲ್ಲಿ ಪಾರ್ಶ್ವವಾಯು ಬರಿಸಿ ಮೂರನೇ ದಿನದಿಂದ ಇದನ್ನು ಕೊಟ್ಟಾಗ ಕೈಕಾಲಿನ ಚೇತರಿಕೆ ಹೆಚ್ಚಿತೆಂದೂ, ತೀರಾ ಬೇಗ ಕೊಟ್ಟರೆ ಹಾನಿಯೇ ಹೆಚ್ಚಿತೆಂದೂ 2010ರಲ್ಲಿ ಪ್ರಕಟವಾಯಿತು. ಟಾನಿಕ್ ಪ್ರತಿಬಂಧ ಮೊದಲ ದಿನಗಳಲ್ಲಿ ಕಾಪಾಡುತ್ತದೆ, ಆಮೇಲೆ ಅದೇ ಅಡ್ಡಿಯಾಗುತ್ತದೆ. ಈ ಒಂದು ಫಲಿತಾಂಶಕ್ಕಾಗಿಯೇ ಈ ಬಾಟಲಿಗೆ ಗೌರವ ಸಲ್ಲಬೇಕು.

ಗಾಬಾ ಹಿಂತೆಗೆಯುವ ಸಾಗಣೆ ಪ್ರೋಟೀನುಗಳನ್ನು (ಗ್ಯಾಟ್) ತಡೆಯುವವುಗಳಲ್ಲಿ ಎನ್‌ಒ-711 10 ಮೈಕ್ರೋಮೋಲಾರ್‌ನಲ್ಲಿ ಗ್ಯಾಟ್-1 ಅನ್ನು, ಎಸ್‌ಎನ್‌ಎಪಿ-5114 ಅದಕ್ಕಿಂತ ಎಷ್ಟೋ ಹೆಚ್ಚಿನ ಪ್ರಮಾಣದಲ್ಲಿ ಗ್ಯಾಟ್-3 ಅನ್ನು ನಿಲ್ಲಿಸುತ್ತವೆ. ಹಿಪ್ಪೊಕ್ಯಾಂಪಸ್ಸಿನಲ್ಲಿ ಎರಡನೆಯದನ್ನು ಒಂಟಿಯಾಗಿ ಹಾಕಿದರೆ ಹೆಚ್ಚಾಗಿ ಏನೂ ಕಾಣುವುದಿಲ್ಲ. ಬಾಟಲಿ ಕೆಟ್ಟಿದೆಯೆಂದು ಮರಳಿಸಬೇಡಿ, ಗ್ಯಾಟ್-1 ಆ ಹೊರೆ ಹೊರುತ್ತಿರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದಾಗ ಬೇಸ್‌ಲೈನ್ ದೊಡ್ಡದಾಗಿ ಕುಸಿಯುತ್ತದೆ.

ಡಯಾಜೆಪಾಮ್ ಬಗ್ಗೆ ಒಂದೇ ಮಾತು. ಅದಕ್ಕೆ ಗಾಮಾ ಉಪಘಟಕವೂ ಬೇಕು, ಆಲ್ಫಾದಲ್ಲಿ ನಿರ್ದಿಷ್ಟ ಜಾಗದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಕೂಡ ಬೇಕು. ಆಲ್ಫಾ-4 ಮತ್ತು 6ರಲ್ಲಿ ಆ ಜಾಗದಲ್ಲಿ ಆರ್ಜಿನಿನ್ ಇದೆ. ಆದ್ದರಿಂದ ಡೆಲ್ಟಾ ಟಾನಿಕ್ ಕರೆಂಟ್ ಮೇಲೆ ಅದು ಕೆಲಸ ಮಾಡುವುದಿಲ್ಲ, ಆಲ್ಫಾ-5ರದ್ದನ್ನು ಏರಿಸುತ್ತದೆ. ಇದನ್ನೇ ಪರೀಕ್ಷೆಯಾಗಿ ಬಳಸಿಕೊಳ್ಳಬಹುದು. ಮದ್ಯಸಾರದ ವಿಷಯ ಬೇರೆ. ಕುಡಿದವರ ರಕ್ತದಲ್ಲಿ ಸಿಗುವಷ್ಟು, ಅಂದರೆ 30 ಮಿಲಿಮೋಲಾರ್‌ಗಿಂತ ಕಡಿಮೆ ಎಥನಾಲ್ ಡೆಲ್ಟಾ ಗ್ರಾಹಕವನ್ನು ನೇರವಾಗಿ ಏರಿಸುತ್ತದೆಂದು ಕೆಲವು ಗುಂಪುಗಳು ಕಂಡವು, ಇನ್ನು ಕೆಲವು ಕಾಣಲಿಲ್ಲ. ಕಿರುಮೆದುಳಿನಲ್ಲಿ ಗಾಲ್ಜಿ ಕೋಶಗಳು ಹೆಚ್ಚು ಮಿಡಿದು ಗಾಬಾ ಸುರಿಯುವುದೂ ಒಂದು ಕಾರಣ. ಹೀಗಾಗಿ ಕೋಶಗಳ ಮಿಡಿತವನ್ನೇ ನಿಲ್ಲಿಸುವ ಟೆಟ್ರೊಡೊಟಾಕ್ಸಿನ್ 0.5 ಮೈಕ್ರೋಮೋಲಾರ್ ಇಲ್ಲದೆ ಮಾಡಿದ ಎಥನಾಲ್ ಪ್ರಯೋಗದಿಂದ ಗ್ರಾಹಕದ ಬಗ್ಗೆ ಏನನ್ನೂ ಹೇಳಲಾಗದು.

ಚಿಕಿತ್ಸೆಗೆ ಬಂದಿರುವ ಔಷಧಗಳನ್ನೂ ಇದೇ ಕಣ್ಣಿನಿಂದ ನೋಡಬೇಕು, ವೈದ್ಯರ ಕೈಯಲ್ಲಿರಬೇಕಾದವು ಎಂಬುದನ್ನು ಮರೆಯದೆ. ಬ್ರೆಕ್ಸನೊಲೋನ್ ಅಂದರೆ ಅಲೋಪ್ರೆಗ್ನನೊಲೋನೇ. ಹೆರಿಗೆಯ ನಂತರದ ಖಿನ್ನತೆಗೆ ಅಮೆರಿಕದಲ್ಲಿ 2019ರ ಮಾರ್ಚಿನಲ್ಲಿ ಅನುಮತಿ ಸಿಕ್ಕಿತು. ನುಂಗಿದರೆ ಸಾಕಷ್ಟು ರಕ್ತಕ್ಕೆ ಸೇರದು, ಹಾಗಾಗಿ 60 ಗಂಟೆ ರಕ್ತನಾಳಕ್ಕೆ ಹನಿಸಬೇಕಿತ್ತು. 2023ರ ಆಗಸ್ಟಿನಲ್ಲಿ ಬಂದ ಜುರನೊಲೋನ್ ಗುಳಿಗೆ ಆ ಕಷ್ಟ ತಪ್ಪಿಸಿತು: 14 ದಿನ, ಸಂಜೆ 50 ಮಿಲಿಗ್ರಾಂ, ಕೊಬ್ಬಿನಂಶವಿರುವ ಆಹಾರದ ಜತೆಗೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸರಿಯಾಗಿ ಹೀರಲ್ಪಡುವುದಿಲ್ಲ. ನುಂಗಿದ ಮೇಲೆ 12 ಗಂಟೆ ವಾಹನ ಓಡಿಸಬಾರದೆಂಬ ಎಚ್ಚರಿಕೆ ಚೌಕಟ್ಟಿನೊಳಗೇ ಅಚ್ಚಾಗಿದೆ, ಅದನ್ನು ಹಗುರವಾಗಿ ಕಾಣಬಾರದು.

ಟಯಾಗಬಿನ್ ಗ್ಯಾಟ್-1 ತಡೆಯುತ್ತದೆ, ವಿಗಾಬಟ್ರಿನ್ ಗಾಬಾ ಒಡೆಯುವ ಕಿಣ್ವವನ್ನು ಶಾಶ್ವತವಾಗಿ ನಿಲ್ಲಿಸುತ್ತದೆ. ಎರಡರಿಂದಲೂ ಹೊರಗಿನ ಗಾಬಾ ಏರಿ ಟಾನಿಕ್ ಕರೆಂಟ್ ಬೆಳೆಯುತ್ತದೆ. ಕೆಲವು ಬಗೆಯ ಮೂರ್ಛೆಗೆ ಇದು ಒಳ್ಳೆಯದು. ಕೆಲವು ಕ್ಷಣ ಅರಿವು ತಪ್ಪುವ ಆಬ್ಸೆನ್ಸ್ ಮೂರ್ಛೆಗೆ ಮಾತ್ರ ಕೆಡುಕು. ಆ ಕಾಯಿಲೆಯ ಪ್ರಾಣಿಮಾದರಿಗಳ ಥಾಲಮಸ್ ಕೋಶಗಳಲ್ಲಿ ಟಾನಿಕ್ ಕರೆಂಟ್ ಮೊದಲೇ ಹೆಚ್ಚಿರುವುದನ್ನು 2009ರಲ್ಲಿ ತೋರಿಸಲಾಯಿತು. ಪ್ರತಿಬಂಧ ಹೆಚ್ಚಾದ ಕೋಶ ವೋಲ್ಟೇಜಿನಲ್ಲಿ ಇನ್ನಷ್ಟು ಋಣಕ್ಕಿಳಿದು, ಟಿ-ಬಗೆಯ ಕ್ಯಾಲ್ಸಿಯಂ ಚಾನೆಲ್‌ಗಳು ಸಜ್ಜಾಗಿ ಗುಂಪುಗುಂಪಾಗಿ ಮಿಡಿಯತೊಡಗುತ್ತದೆ. ಪ್ರತಿಬಂಧ ಹೆಚ್ಚಿಸಿದರೆ ಮೂರ್ಛೆ ಕಡಿಮೆಯಾಗಲೇಬೇಕೆಂಬ ಊಹೆ ಇಲ್ಲಿ ಬೀಳುತ್ತದೆ. ವಿಗಾಬಟ್ರಿನ್ ದೃಷ್ಟಿಯ ಅಂಚುಗಳನ್ನು ಮರಳದಂತೆ ಕುಗ್ಗಿಸಬಲ್ಲದು, ಕಣ್ಣಿನ ತಪಾಸಣೆ ಬಿಡುವಂತಿಲ್ಲ.

ಒಂದೇ ಕೋಶದಲ್ಲಿ ಹಲವು ಔಷಧ ಹಾಕುವವರಿಗೆ ನಾವು ಹೇಳುವ ಕ್ರಮ ಇದು. ಪಿಪೆಟ್ಟಿನ ತುದಿಯಲ್ಲಿ ಕೋಶದ ಪೊರೆ ಒಡೆದ ಮೇಲೆ ಅದರ ಕ್ಲೋರೈಡ್ ಒಳಗೆ ಹರಡಲು ಹತ್ತು ನಿಮಿಷ, ಆಮೇಲೆ ಹುಸಿ ಬದಲಾವಣೆ, ನಂತರ ಗಾಬಾಕ್ಸಡಾಲ್ 1 ಮೈಕ್ರೋಮೋಲಾರ್ ಐದು ನಿಮಿಷ, ಅದಿರುವಾಗಲೇ ಗಾಬಜೀನ್ 10, ಕೊನೆಗೆ ಪಿಕ್ರೋಟಾಕ್ಸಿನ್ 100. ಸ್ಟಿರಾಯ್ಡನ್ನು ಈ ಸಾಲಿಗೆ ಸೇರಿಸಬೇಡಿ, ಅದಕ್ಕೆ ಬೇರೆ ಸ್ಲೈಸು. ಪಿಕ್ರೋಟಾಕ್ಸಿನ್ ಕಂಡ ಸ್ಲೈಸನ್ನು ಎಸೆದು, ನಳಿಕೆಗಳಿಗೆ ಶೇ 70 ಎಥನಾಲ್ ಹಾಯಿಸಿ, ಬಳಿಕ ಶುದ್ಧ ನೀರನ್ನು ಧಾರಾಳವಾಗಿ ಬಿಡಿ. ಉಳಿದುಹೋದ ಎಥನಾಲ್ ಮುಂದಿನ ಕೋಶದ ಟಾನಿಕ್ ಕರೆಂಟನ್ನೇ ಬದಲಿಸೀತು.